ಹದಿನಾರು ಚೀಟಿ, ಎರಡು ಕೈಬರಹ

ಬೀರು ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡದ್ದು ಗುರುವಾರ, ಬಿಡಿಸಿಕೊಂಡದ್ದು ಶನಿವಾರ. ನಡುವಿನ ಎರಡು ದಿನ ಮೇಲಿನ ಮನೆಗಳ ಜನರೆಲ್ಲ ಬೀರುವಿನೊಳಗಿಂದಲೇ ಓಡಾಡಿದರು.

ಮೂರನೇ ಮಹಡಿಗೆ ಹೊಸದಾಗಿ ಬಂದ ಗಂಡ ಹೆಂಡಿರದು ಆ ಬೀರು. ಭಾರ ಕಡಿಮೆಯಾಗಲಿ ಎಂದು ಹೊತ್ತವರು ಅದರ ಬೆನ್ನಿನ ಹಲಗೆಯನ್ನು ಮೊದಲೇ ಕಳಚಿದ್ದರು. ಹಾಗಾಗಿ ಮುಂದಿನ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಹಿಂದಿನಿಂದ ಹೊರಗೆ ಬರಬಹುದಿತ್ತು. ಮೂರನೇ ಮಹಡಿಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಬೀರುವಿನ ಬಾಗಿಲು ತಟ್ಟಿ, "ಒಳಗೆ ಯಾರಾದ್ರೂ ಇದೀರಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಕಟ್ಟಡದ ಕಾರ್ಯದರ್ಶಿಯಾದ ಡ್ರಿಲ್ ಮಾಸ್ತರು ಎರಡನೇ ದಿನ ಬೀರುವಿಗೊಂದು ನೋಟೀಸನ್ನೂ ಅಂಟಿಸಿದರು: "ಹಾದು ಹೋದವರು ಬಾಗಿಲು ಮುಚ್ಚತಕ್ಕದ್ದು."

ಕಡೆಗೆ ಬೀರುವಿನ ನಾಲ್ಕು ಕಾಲುಗಳನ್ನೂ ಕಳಚಿ, ಮಾಸ್ತರ ಬಾಗಿಲ ಮುಂದಿದ್ದ ಬೂಟಿನ ಪೆಟ್ಟಿಗೆಯನ್ನು ಪಕ್ಕಕ್ಕೆ ನೂಕಿ, ಮೊದಲ ಮಹಡಿಯ ಗಿಡದ ಕುಂಡಗಳನ್ನು ಮೆಟ್ಟಿಲು ಮೆಟ್ಟಿಲಿಗೆ ಇಳಿಸಿ, ಅಂತೂ ಅದು ಮನೆ ಸೇರಿತು. ಬೆನ್ನಿನ ಹಲಗೆ ಮಾತ್ರ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. ಹೊಸ ಮನೆಯಲ್ಲಿ ಮಡಿಚಿಟ್ಟ ಬಟ್ಟೆಯೆಲ್ಲ ಬೀರುವಿನ ಹಿಂದಕ್ಕೆ ಬೀಳುತ್ತಿತ್ತಂತೆ.

ಇದೆಲ್ಲ ಶುರುವಾದದ್ದು ನೆಲಮಹಡಿಯ ಟೈಲರಮ್ಮನಿಂದ ಎಂದು ಕಟ್ಟಡದಲ್ಲಿ ಅರ್ಧ ಜನ ಹೇಳಿದರು. ಬೀರು ಬಾಗಿಲು ದಾಟಿ ಒಳಗೆ ಬಂದ ಕೂಡಲೇ ಮೊದಲು ಅಡ್ಡವಾದದ್ದು ಮೆಟ್ಟಿಲ ಕೆಳಗಿನ ಅವಳ ಹೊಲಿಗೆ ಜಾಗ. ಹೊತ್ತಿದ್ದ ನಾಲ್ಕು ಜನ ಅಲ್ಲಿ ಬೀರು ಇಳಿಸಿ, ಅವಳ ಬೆಂಚಿನ ಮೇಲೆ ಕೂತು, ನೀರು ಕೇಳಿ ಕುಡಿದು, ಒಂದು ಗಂಟೆ ಸುಧಾರಿಸಿಕೊಂಡರು. ಆಮೇಲೆ ಕೇಳಿದವರಿಗೆಲ್ಲ, "ಮೆಷಿನ್ನು ಅಡ್ಡ ಬಂತು" ಎಂದರು. ಕುಡಿದ ನೀರಿನ ಮಾತು ಯಾರೂ ಎತ್ತಲಿಲ್ಲ.

ಆ ಜಾಗ ಎಂದರೆ ಟೈಲರಮ್ಮನಿಗೆ ಎರಡು ಕಣ್ಣು. ಮಾತಿಗೆ ಹೇಳುವುದಲ್ಲ, ನಿಜವಾಗಿಯೇ. ಅವಳ ಮನೆ ನೆಲಮಹಡಿಯ ಹಿಂಬದಿಯಲ್ಲಿತ್ತು. ಇದ್ದೊಂದು ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಮೂಗು ತಾಗಿಸಿಕೊಂಡು ನಿಂತಿತ್ತು. ಒಳಗೆ ಹಗಲು ಹನ್ನೆರಡಕ್ಕೂ ಬಲ್ಬು ಬೇಕು, ಬಲ್ಬಿನ ಬೆಳಕಿನಲ್ಲಿ ಅವಳಿಗೆ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಮ್ಮೆ ಒಳಗೆ ಕೂತು ಒಬ್ಬ ವಕೀಲರ ಕರಿ ಕೋಟಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದಳು. ವಕೀಲರು ಅದನ್ನು ಬಿಸಿಲಿನಲ್ಲಿ ನೋಡಿದ್ದು ಕೋರ್ಟಿನ ಮುಂದೆ, ಎದುರಾಳಿ ವಕೀಲರು ತೋರಿಸಿದ ಮೇಲೆ. ಅಂದಿನಿಂದ ಹನ್ನೊಂದು ವರ್ಷ, ಮೆಟ್ಟಿಲ ಕೆಳಗಿನ ಆ ಓರೆ ಸಂದಿಯೇ ಅವಳ ಅಂಗಡಿ. ಅಲ್ಲಿ ಅಂಗಳದ ಕಡೆಗೆ ದೊಡ್ಡ ಕಿಟಕಿ. ಬೆಳಗ್ಗೆ ಹತ್ತಕ್ಕೆ ಬಿಸಿಲು ಸರಿಯಾಗಿ ಸೂಜಿಯ ಮೇಲೆ ಬಂದು ಕೂರುತ್ತಿತ್ತು, ಸಂಜೆ ನಾಲ್ಕಕ್ಕೆ ಎದ್ದು ಹೋಗುತ್ತಿತ್ತು. ಆ ಆರು ಗಂಟೆಯೇ ಅವಳ ದುಡಿಮೆ. ಮೆಷಿನ್ನು ಒಳಗೆ ಹೋದರೆ ದುಡಿಮೆಗೇ ಕತ್ತಲು.

ಮೆಷಿನ್ನಿನ ಎದುರು, ಓಡಾಡುವ ದಾರಿಯ ಅಂಚಿಗೆ, ಗಿರಾಕಿಗಳಿಗೆಂದು ಒಂದು ಬೆಂಚು. ಗಿರಾಕಿಗಳಿಗಿಂತ ಗಿರಾಕಿಗಳಲ್ಲದವರೇ ಅದರ ಮೇಲೆ ಹೆಚ್ಚು ಕೂರುತ್ತಿದ್ದರು. ಅವರಲ್ಲಿ ಮೊದಲಿಗರು ಡ್ರಿಲ್ ಮಾಸ್ತರು. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿ ನಿವೃತ್ತರಾದವರು. ಕೊರಳಿನ ಸೀಟಿ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ದಿನಾ ಒಂಬತ್ತಕ್ಕೆ ಇಳಿದು ಬಂದು, ಬೆಂಚಿನ ನಡುಮಧ್ಯೆ ಕೂತು, ಪತ್ರಿಕೆಯನ್ನು ಎರಡೂ ತೋಳಗಲ ಬಿಡಿಸಿ ಓದುತ್ತಿದ್ದರು. ಇನ್ನೊಬ್ಬರು ಕೂರಬೇಕೆಂದರೆ ಪತ್ರಿಕೆಯ ಕೆಳಗೆ ತೂರಿ ಕೂರಬೇಕು.

ಬೀರುವಿನ ಪ್ರಕರಣ ಮುಗಿದ ಮರುದಿನವೇ ಮಾಸ್ತರು ಸೀಟಿ ಊದಿ ಸಭೆ ಕರೆದರು. ಆ ಕಟ್ಟಡದಲ್ಲಿ ಸಭೆ ಎಂದರೆ ಮೆಟ್ಟಿಲ ಮೇಲೆ. ಒಂದೊಂದು ಮನೆಯವರು ಒಂದೊಂದು ಮೆಟ್ಟಿಲು, ಮಾಸ್ತರು ಕೆಳಗೆ ಬೆಂಚಿನ ಮುಂದೆ.

"ಇವತ್ತು ಸಿಕ್ಕಿಕೊಂಡದ್ದು ಬೀರು. ನಾಳೆ ಬೆಂಕಿ ಬಿದ್ದರೆ ಸಿಕ್ಕಿಕೊಳ್ಳೋದು ನಾವು," ಎಂದರು ಮಾಸ್ತರು. "ಓಡಾಡೋ ಜಾಗದಲ್ಲಿ ಅಡ್ಡ ಇರೋ ಸಾಮಾನು ತೆಗೀಬೇಕು. ಯಾರದು ಅಡ್ಡ? ಹೇಳಿ."

ಹೇಳುವುದು ಹೇಗೆ? ಮೊದಲ ಮಹಡಿಯಲ್ಲಿ ಕುಂಡದಜ್ಜನ ಇಪ್ಪತ್ತೆರಡು ಗಿಡದ ಕುಂಡಗಳು, ಅವರ ಎದುರು ಮನೆ ಬೇಕರಿಯವನ ಖಾಲಿ ತಟ್ಟೆಗಳ ಗೋಪುರ, ಎರಡನೇ ಮಹಡಿಯಲ್ಲಿ ಮಾಸ್ತರದೇ ಆಳೆತ್ತರದ ಬೂಟಿನ ಪೆಟ್ಟಿಗೆ, ಮೂರನೆಯದರಲ್ಲಿ ನರ್ಸಮ್ಮನ ಸೈಕಲ್ಲು. ಪ್ರತಿಯೊಬ್ಬರಿಗೂ ಪಕ್ಕದವರದ್ದು ಅಡ್ಡ, ತಮ್ಮದು ಅನಿವಾರ್ಯ.

"ಮುಖ ನೋಡಿ ಹೇಳೋಕೆ ಕಷ್ಟ ಮಾಸ್ತರೇ," ಎಂದ ಬೇಕರಿಯವನು. "ದಿನಾ ಬೆಳಗಾದ್ರೆ ಅದೇ ಮುಖ ನೋಡಬೇಕಲ್ಲ."

ಮಾಸ್ತರು ಅದಕ್ಕೂ ಸಿದ್ಧವಾಗಿಯೇ ಬಂದಿದ್ದರು. "ಗುಪ್ತ ಚೀಟಿ! ಮನೆಗೊಂದು. ಹೆಸರು ಬೇಡ, ಸಹಿ ಬೇಡ. ತೆಗೆಯಬೇಕಾದ ಒಂದೇ ಒಂದು ಸಾಮಾನು ಬರೀರಿ. ಯಾವುದಕ್ಕೆ ಹೆಚ್ಚು ಚೀಟಿಯೋ ಅದು ಮುಂದಿನ ಭಾನುವಾರ ಸಂಜೆಯೊಳಗೆ ಎತ್ತಂಗಡಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು." ಹೀಗೆ ಹೇಳುವಾಗ ಅವರ ಕಣ್ಣು ಹಾವನ್ನು ಹುಡುಕುವಂತೆ ಮೆಷಿನ್ನಿನ ಕಡೆ ಹೊರಳಿದ್ದನ್ನು ಟೈಲರಮ್ಮ ನೋಡಿದಳು.

ಚೀಟಿ ಹಾಕಲು ಚೀಲ ಬೇಕಲ್ಲ? ಎಲ್ಲರೂ ಅವಳ ಕಡೆ ತಿರುಗಿದರು. ಟೈಲರಮ್ಮ ಅಲ್ಲೇ ಕೂತು, ಪರದೆಯಲ್ಲಿ ಉಳಿದ ತುಂಡು ಬಟ್ಟೆ ತೆಗೆದು, ಬಾಯಿಗೆ ದಾರ ಪೋಣಿಸಿ ಚೀಲ ಹೊಲಿದು ಕೊಟ್ಟಳು. ಅದನ್ನು ಮೆಷಿನ್ನಿನ ಪಕ್ಕದ ಮೊಳೆಗೇ ತೂಗುಹಾಕಿದರು.

"ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹೊಸೆದು ಕೊಟ್ಟೆ," ಎಂದಳು ಮನೆಯೊಳಗೆ ಅವಳ ತಂಗಿ. ಅಕ್ಕ ತಂಗಿ ಇಬ್ಬರೇ ಆ ಮನೆಯಲ್ಲಿ. ಅಕ್ಕ ಹೊಲಿಯುವವಳು, ತಂಗಿ ಗುಂಡಿ ಹಚ್ಚುವವಳು ಮತ್ತು ಮಾತು ಚುಚ್ಚುವವಳು.

"ಚೀಲ ಕೇಳಿದ್ರು, ಕೊಟ್ಟೆ."

"ನಾಳೆ ಕತ್ತರಿ ಕೇಳ್ತಾರೆ, ಅದನ್ನೂ ಕೊಡು."

ಮರುದಿನ ಹತ್ತು ಗಂಟೆಗೆ ಬಿಸಿಲು ಸೂಜಿಗೆ ಬರುವ ಹೊತ್ತಿಗೆ ನರ್ಸಮ್ಮ ಬಂದಳು. ಕೈಯಲ್ಲಿ ಬಿಳಿ ಕೋಟು, ಕೋಟಿನಲ್ಲಿ ಒಂದು ಗುಂಡಿ ಸಡಿಲ. ಅದನ್ನು ಅವಳೇ ಎಳೆದು ಸಡಿಲ ಮಾಡಿದ್ದು ನೋಡಿದರೆ ತಿಳಿಯುತ್ತಿತ್ತು. ಬೆಂಚಿನ ಮೇಲೆ ಕೂತು ಆಚೆ ಈಚೆ ನೋಡಿದಳು.

"ಟೈಲರಮ್ಮ, ಒಂದು ಉಪಕಾರ. ಯಾರಿಗೂ ಹೇಳಬಾರದು."

"ಹೇಳಮ್ಮ."

"ನನ್ನ ಚೀಟಿ ನೀವು ಬರೆದುಬಿಡಿ. ನನ್ನ ಅಕ್ಷರ ಇಡೀ ಕಟ್ಟಡಕ್ಕೇ ಗೊತ್ತು."

ಅದು ಸುಳ್ಳಲ್ಲ. ಮೆಟ್ಟಿಲ ಪಕ್ಕದಲ್ಲೊಂದು ನೋಟೀಸು ಹಲಗೆ ಇತ್ತು. ಆ ಕಟ್ಟಡದ ಹದಿನಾರು ಮನೆಯವರು ಬಾಯಿ ಜಗಳ ಆಡುವವರಲ್ಲ. ಏನಿದ್ದರೂ ಹಲಗೆಯ ಮೇಲೆ ಚೀಟಿ ಅಂಟಿಸಿ ಜಗಳ ಆಡುತ್ತಿದ್ದರು. "ನಲ್ಲಿ ತಿರುಗಿಸಿದವರು ಮುಚ್ಚುವುದನ್ನೂ ಕಲಿಯಲಿ." ಕೆಳಗೆ ಉತ್ತರ: "ಕಲಿಸುವವರು ಮೊದಲು ತಮ್ಮ ಮನೆಯಲ್ಲಿ ಶುರು ಮಾಡಲಿ." ಸಹಿ ಯಾರೂ ಹಾಕುತ್ತಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಹತ್ತು ವರ್ಷ ಓದಿ ಓದಿ, ಯಾರ ಅಕ್ಷರ ಎಷ್ಟು ಬಾಗುತ್ತದೆ, ಯಾರು ಒತ್ತಿ ಬರೆದು ಕಾಗದ ತೂತು ಮಾಡುತ್ತಾರೆ ಎಂಬುದು ಪ್ರತಿಯೊಬ್ಬರಿಗೂ ಬಾಯಿಪಾಠವಾಗಿತ್ತು. ಹಲಗೆಯ ಮೇಲೆ ಒಮ್ಮೆಯೂ ಬರೆಯದವಳು ಟೈಲರಮ್ಮ ಒಬ್ಬಳೇ.

"ಏನಂತ ಬರೀಲಿ?"

"ಕುಂಡ," ಎಂದು ಪಿಸುಗುಟ್ಟಿದಳು ನರ್ಸಮ್ಮ. "ಅಜ್ಜ ಒಳ್ಳೆಯವರೇ. ಆದ್ರೆ ಆ ಮುಳ್ಳಿನ ಗಿಡ ದಿನಾ ನನ್ನ ಕಾಲು ಹಿಡಿದು ಎಳೆಯುತ್ತೆ."

ಟೈಲರಮ್ಮ ನೀಲಿ ಪೆನ್ಸಿಲು ತೆಗೆದು "ಕುಂಡ" ಎಂದು ಬರೆದು, ಮಡಿಚಿ ಚೀಲಕ್ಕೆ ಹಾಕಿದಳು.

ನರ್ಸಮ್ಮ ಮೆಟ್ಟಿಲು ಹತ್ತಿ ಮರೆಯಾಗುವುದಕ್ಕೂ ಕುಂಡದಜ್ಜ ಇಳಿದು ಬರುವುದಕ್ಕೂ ಸರಿಹೋಯಿತು. ಅಜ್ಜನ ಕೈಯಲ್ಲಿ ದಿಂಬಿನ ಗವಸು.

"ತಂಗೀ, ಇದೊಂಚೂರು ಹರಿದಿದೆ. ಹಾಗೇ, ನಿನ್ನ ಹೊಟ್ಟೇಲಿ ಇಟ್ಕೊಳ್ಳೋದಾದ್ರೆ ಇನ್ನೊಂದು ಮಾತು."

"ಚೀಟಿ ಬರೀಬೇಕಾ ಅಜ್ಜ?"

ಅಜ್ಜ ಬೆಚ್ಚಿದರು. "ನಿನಗೆ ಹೇಗೆ ಗೊತ್ತಾಯ್ತು? ಬರಿ, ಸೈಕಲ್ಲು ಅಂತ ಬರಿ. ಆ ಮಗು ಆಸ್ಪತ್ರೇಲಿ ಪುಣ್ಯದ ಕೆಲಸ ಮಾಡ್ತಾಳೆ, ಅವಳನ್ನ ಏನೂ ಅನ್ನಲ್ಲ. ಸೈಕಲ್ಲನ್ನ ಅಂತೀನಿ. ತಾರಸಿಯ ಗಿಡಗಳಿಗೆ ನೀರು ಹೊತ್ಕೊಂಡು ಹೋಗೋವಾಗ ಅದರ ಪೆಡಲು ಮೊಣಕಾಲಿಗೆ ಬಡಿಯುತ್ತೆ."

ಬುಧವಾರದೊಳಗೆ ಟೈಲರಮ್ಮನಿಗೆ ಗುಂಡಿ, ಜಿಪ್ಪು, ಅಂಚು, ಕಿಸೆ ಎಂದು ಒಂಬತ್ತು ಕೆಲಸ ಬಂದವು. ಒಂಬತ್ತರ ಹಿಂದೆಯೂ ಒಂಬತ್ತು ಚೀಟಿ. ಬಂದವರೆಲ್ಲ, "ನಾನೊಬ್ಬಳೇ ಕೇಳ್ತಿರೋದು" ಎಂದೋ "ನಾನೊಬ್ಬನೇ" ಎಂದೋ ನಂಬಿದ್ದರು. ಟೈಲರಮ್ಮ ಯಾರನ್ನೂ ತಿದ್ದಲು ಹೋಗಲಿಲ್ಲ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳದಿರುವುದು ಅವಳ ವೃತ್ತಿ. ಯಾರ ಸೊಂಟ ಎಷ್ಟು ಇಂಚು ಬೆಳೆಯಿತು ಎಂದು ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಬಾಯಿ ಬಿಟ್ಟಿರಲಿಲ್ಲ.

ಗುರುವಾರ ಹೊಸ ಸೊಸೆ ಬಂದಳು. ಬೀರುವಿನ ಮನೆಯವಳು, ಕಟ್ಟಡದಲ್ಲಿ ಅವಳಿಗೆ ಅತ್ತೆ ಯಾರೂ ಇರಲಿಲ್ಲ, ಆದರೂ ಎಲ್ಲರ ಬಾಯಲ್ಲೂ ಅವಳು ಹೊಸ ಸೊಸೆಯೇ. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಸೆರಗಿನ ತುದಿ ತಿರುವಿದಳು.

"ಟೈಲರಮ್ಮ, ನಮ್ಮವರು ಹೇಳಿ ಕಳಿಸಿದಾರೆ. ಹೊಲಿ..." ಎಂದು ಶುರು ಮಾಡಿದವಳು ಅವಳ ಮುಖ ನೋಡಿದಳು, ಮೆಷಿನ್ನನ್ನು ನೋಡಿದಳು, ಉಗುಳು ನುಂಗಿದಳು. "ಬೂಟಿನ ಪೆಟ್ಟಿಗೆ ಅಂತ ಬರೀರಿ."

"ನಿಮ್ಮೆಜಮಾನರು ಹೇಳಿದ್ದು ಅದೇನಾ?"

"ಅವರು ಹೇಳಿದ್ದು ಬೇರೆ. ಆದ್ರೆ ಅವರು ಹೇಳಿದ್ದನ್ನ ಹಾಗೇ ಮಾಡೋಕೆ ನಾನೇನು ಸ್ವಿಚ್ಚಾ?"

ಅವಳು ಹೋದ ಮೇಲೆ ಟೈಲರಮ್ಮ ಪೆನ್ಸಿಲು ಕೆಳಗಿಟ್ಟಳು. ಆಗಲೇ ಲೆಕ್ಕಕ್ಕೆ ಸಿಕ್ಕಿತು. ಮಂಗಳವಾರ ಬೇಕರಿಯವನೂ ಹೀಗೇ ಮೆಷಿನ್ನು ನೋಡಿ ಕೆಮ್ಮಿದ್ದ. ಅದರ ಹಿಂದಿನ ದಿನ ಪಕ್ಕದ ಮನೆಯ ಅಣ್ಣನೂ ಬಾಯಿಗೆ ಬಂದ ಮಾತನ್ನು ತಿರುಗಿಸಿ ಬೂಟಿನ ಪೆಟ್ಟಿಗೆಯ ಮೇಲೆ ಹಾಕಿದ್ದ. ಎದುರಿಗೆ ತಾನೇ ಕೂತು ಬರೆದುಕೊಂಡರೆ "ನಿನ್ನನ್ನೇ ತೆಗೀಬೇಕು" ಎನ್ನುವ ಎದೆ ಯಾರಿಗಿದೆ? ಮಾಸ್ತರು ಎಲ್ಲರ ಮುಖ ಉಳಿಸಲು ಚೀಟಿ ಮಾಡಿದರು. ಕಡೆಗೆ ಎಲ್ಲ ಚೀಟಿಯೂ ತನ್ನ ಮುಖ ನೋಡಿಯೇ ಬೀಳುತ್ತಿವೆ. ತನ್ನ ಬೆಳಕು ಉಳಿಯುತ್ತದೆ, ನಿಜ. ಆದರೆ ದಾಕ್ಷಿಣ್ಯದ ಬೆಳಕು.

ಇನ್ನೊಂದು ಚಿಂತೆ ಅದರ ಬಾಲ ಹಿಡಿದು ಬಂತು. ಎಲ್ಲ ಚೀಟಿಯೂ ಒಂದೇ ಕೈಯಲ್ಲಿವೆ! ಅಂದಿನಿಂದ ಅವಳು ಅಕ್ಷರ ಬದಲಿಸಿ ನೋಡಿದಳು. ಒಂದನ್ನು ಎಡಗೈಯಲ್ಲಿ ಬರೆದಳು, ಒಂದನ್ನು ಬಲಕ್ಕೆ ಬಾಗಿಸಿದಳು, ಒಂದನ್ನು ಇರುವೆಯಷ್ಟು ಸಣ್ಣಗೆ ಬರೆದಳು. ಬರೆದು ಮುಗಿಸಿ ಪ್ರತಿಸಲವೂ, ತನಗೇ ತಿಳಿಯದಂತೆ, ಕೆಳಗೆ ಎರಡು ಗೆರೆ ಎಳೆದು ಕೊನೆಗೊಂದು ಚುಕ್ಕೆ ಇಟ್ಟಳು. ಗಿರಾಕಿಗಳ ಬಟ್ಟೆಗೆ ಚುಚ್ಚುವ ಗುರುತಿನ ಚೀಟಿಗೆ ಹನ್ನೊಂದು ವರ್ಷದಿಂದ ಎಳೆದ ಗೆರೆ ಅದು. ಕಟ್ಟಡದಲ್ಲಿ ಆ ಗೆರೆ ಇಲ್ಲದ ಪ್ಯಾಂಟೇ ಇರಲಿಲ್ಲ.

ಶನಿವಾರ ಚೀಲದಲ್ಲಿ ಹದಿನಾಲ್ಕು ಚೀಟಿ ಅವಳು ಬರೆದವು. ಹದಿನೈದನೆಯದನ್ನು ಡ್ರಿಲ್ ಮಾಸ್ತರು ಸ್ವತಃ ಬರೆದು, ಮಡಿಚಿ, ಎಲ್ಲರಿಗೂ ಕಾಣುವಂತೆ ತಂದು ಹಾಕಿದರು. ಅವರು ಯಾಕೆ ಬರೆಸುತ್ತಾರೆ? ಗುಪ್ತ ಎಂದ ಮೇಲೆ ಗುಪ್ತ. ನಿಯಮ ಮಾಡಿದವರು ಅವರೇ.

ಹದಿನಾರನೆಯದು ಅವಳದ್ದು. ಅದಕ್ಕೆ ಅವಳು ಕೊರಳಿನ ಅಳತೆ ಟೇಪು ತೆಗೆದು, ಬಗ್ಗಿ, ಅಲ್ಲೂ ಇಲ್ಲೂ ಹಿಡಿದು ನೋಡಿ, ಕೊನೆಗೆ ಒಂದು ಪದ ಬರೆದಳು. ಎರಡು ಗೆರೆ, ಒಂದು ಚುಕ್ಕೆ.

ಭಾನುವಾರ ಹತ್ತಕ್ಕೆ ಸೀಟಿ. ಜನ ಮೆಟ್ಟಿಲು ತುಂಬಿದರು. ಮಾಸ್ತರು ಬೆಂಚಿನ ಮೇಲೆ ಕೂತು ಚೀಲ ಬಿಚ್ಚಿದರು.

"ಕುಂಡ," ಎಂದು ಓದಿದರು. "ಬೂಟಿನ ಪೆಟ್ಟಿಗೆ." ಗಂಟಲು ಸರಿಮಾಡಿಕೊಂಡರು. "ಸೈಕಲ್ಲು. ಬೂಟಿನ ಪೆಟ್ಟಿಗೆ. ಕುಂಡ. ಬೂಟಿನ..." ಮೂರನೇ ಪೆಟ್ಟಿಗೆಗೆ ಅವರ ಧ್ವನಿ ಕುಗ್ಗಿತು. ಆಮೇಲಿನ ಒಂದು ಚೀಟಿಗೆ ಮಾತ್ರ ಮತ್ತೆ ಏರಿತು: "ಹೊಲಿಗೆ ಯಂತ್ರ!"

ಟೈಲರಮ್ಮ ತಲೆ ಎತ್ತಲಿಲ್ಲ. ಪಕ್ಕದಲ್ಲಿ ತಂಗಿ ಅವಳ ಮೊಣಕೈ ಹಿಡಿದಳು.

ಓದಿ ಮುಗಿಯಿತು. ಬೂಟಿನ ಪೆಟ್ಟಿಗೆಗೆ ಆರು, ಕುಂಡಕ್ಕೆ ನಾಲ್ಕು, ಸೈಕಲ್ಲಿಗೆ ಮೂರು, ಬೇಕರಿ ತಟ್ಟೆಗೆ ಒಂದು, ಹೊಲಿಗೆ ಯಂತ್ರಕ್ಕೆ ಒಂದು. ಇನ್ನೊಂದು ಚೀಟಿ ನೋಡಿ ಮಾಸ್ತರು ಹುಬ್ಬು ಗಂಟಿಕ್ಕಿ, "ಇದು ಅಸಂಬದ್ಧ" ಎಂದು ಪಕ್ಕಕ್ಕಿಟ್ಟರು. ಆರು ಚೀಟಿಗಳನ್ನು ಮತ್ತೊಮ್ಮೆ ಎಣಿಸಿದರು. ಮಗದೊಮ್ಮೆ ಎಣಿಸುವಾಗ ಕೈ ನಿಂತಿತು. ಚೀಟಿಗಳನ್ನೆಲ್ಲ ಕೆಳಗಿನ ಮೆಟ್ಟಿಲ ಮೇಲೆ, ಡ್ರಿಲ್ಲಿಗೆ ನಿಂತ ಮಕ್ಕಳ ಹಾಗೆ, ಸಾಲಾಗಿ ಜೋಡಿಸಿದರು.

"ನೀಲಿ ಪೆನ್ಸಿಲು," ಎಂದರು. "ಎರಡು ಗೆರೆ. ಚುಕ್ಕೆ. ಎರಡು ಗೆರೆ. ಚುಕ್ಕೆ." ಎದ್ದು ನಿಂತರು. "ಇವೆಲ್ಲ ಒಂದೇ ಕೈ! ಟೈಲರಮ್ಮ, ಏನಿದು?"

ಹದಿನಾಲ್ಕು ಮನೆಯವರು, "ನಾನೊಬ್ಬಳೇ", "ನಾನೊಬ್ಬನೇ" ಎಂದು ನಂಬಿದ್ದವರು, ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು.

"ನಾನೇ ಬರೆದದ್ದು," ಎಂದಳು ಟೈಲರಮ್ಮ.

"ಯಾರು ಬರೀ ಅಂದ್ರು?"

"ಅದನ್ನ ಹೇಳೋಕಾಗಲ್ಲ ಮಾಸ್ತರೇ."

"ಹೇಳೋಕಾಗಲ್ಲ! ಚೀಲ ನಿಮ್ಮ ಮೊಳೆಗೆ ತೂಗುಹಾಕಿದ್ದು. ಚೀಟಿ ನಿಮ್ಮ ಕೈ. ನಿಮ್ಮ ಮೆಷಿನ್ನಿಗೆ ಒಂದು, ನನ್ನ ಪೆಟ್ಟಿಗೆಗೆ ಆರು! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು." ಮಾಸ್ತರು ಸೀಟಿ ಊದಿದರು. "ಈ ಚೀಟಿಗಳು ರದ್ದು. ಕಾರ್ಯದರ್ಶಿಯಾಗಿ ನಾನೇ ತೀರ್ಮಾನ ಮಾಡ್ತೀನಿ. ಸಂಜೆಯೊಳಗೆ ಮೆಷಿನ್ನು ಒಳಗೆ ಹೋಗಬೇಕು."

ಕಿಟಕಿಯ ಬಿಸಿಲು ಆಗಷ್ಟೇ ಸೂಜಿಗೆ ಬಂದಿತ್ತು. ಟೈಲರಮ್ಮ ಅದನ್ನೇ ನೋಡಿದಳು. ಒಂದು ಮಾತು ಆಡಿದರೆ ಸಾಕು, ಹದಿನಾಲ್ಕು ಹೆಸರು ಉದುರುತ್ತವೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೋ ಎಂದು ಕೊಟ್ಟದ್ದು ಅದು.

"ಅಕ್ಕ, ಬಾಯಿಗೂ ಹೊಲಿಗೆ ಹಾಕ್ಕೊಂಡಿದೀಯಾ? ಹೇಳೇ," ಎಂದು ತಂಗಿ ಕುಟುಕಿದಳು.

"ಹಾಕಿದ ಹೊಲಿಗೆ ನಾನು ಬಿಚ್ಚಲ್ಲ."

ಮೇಲಿನ ಮೆಟ್ಟಿಲಲ್ಲಿ ಯಾರೋ ಎದ್ದ ಸದ್ದಾಯಿತು. ನರ್ಸಮ್ಮ.

"ಮಾಸ್ತರೇ, ಅದರಲ್ಲೊಂದು ನಂದು. ನಾನೇ ಬರೆಸಿದ್ದು."

"ಯಾವುದು?"

"ಕುಂಡ," ಎಂದಳು ನರ್ಸಮ್ಮ, ಅಜ್ಜನ ಕಡೆ ನೋಡದೆ.

ಕುಂಡದಜ್ಜ ಕೋಲೂರಿ ಎದ್ದರು. "ಓಹೋ! ಹಾಗೋ ಮಗಳೇ ಸಮಾಚಾರ? ಹಾಗಿದ್ರೆ ನಾನು ನಿನ್ನ ಸೈಕಲ್ಲು ಬರೆಸಿದ್ದು ತಪ್ಪೇನಾಗಲಿಲ್ಲ. ಒಂದು ವಾರದಿಂದ ನಿನ್ನ ಮುಖ ನೋಡೋಕೆ ನಾಚಿಕೆ ಆಗ್ತಿತ್ತು ನನಗೆ."

"ನನಗೂ ಅಜ್ಜ! ನಿಮ್ಮ ಗಿಡಕ್ಕೆ ಎರಡು ದಿನ ನೀರು ಬೇರೆ ಹಾಕಿದೆ, ಪಾಪ ತೊಳ್ಕೊಳ್ಳೋಕೆ."

"ಅದಕ್ಕೇ ಕೊಳೆತು ಹೋಗಿದ್ದಾ!"

ಕಟ್ಟೆ ಒಡೆಯಿತು. ಬೇಕರಿಯವನು ಎದ್ದು, "ಬೂಟಿನ ಪೆಟ್ಟಿಗೆ, ನಂದು" ಎಂದ. ಪಕ್ಕದ ಮನೆಯ ಅಣ್ಣ ಎದ್ದ. ತಟ್ಟೆಗಳ ಮೇಲೆ ಬರೆಸಿದ್ದು ಬೇಕರಿಯವನ ಸ್ವಂತ ನಾದಿನಿ; ಅವಳು ಎದುರು ಮಗ್ಗುಲಲ್ಲೇ ಬೇರೆ ಮನೆ ಮಾಡಿದ್ದಳು. "ಮನೇಲಿ ಬನ್ನು ತಿಂದು ಹೊರಗೆ ಬಂದು ತಟ್ಟೆಗೆ ಕಲ್ಲು ಹಾಕ್ತೀಯಾ?" ಎಂದು ಅವನು, "ಬನ್ನಿಗೂ ತಟ್ಟೆಗೂ ಏನು ಸಂಬಂಧ ಭಾವ? ಬನ್ನು ಚೆನ್ನಾಗಿರುತ್ತೆ, ತಟ್ಟೆ ಅಡ್ಡ ಇರುತ್ತೆ" ಎಂದು ಅವಳು. ಹತ್ತು ವರ್ಷ ಹಲಗೆಯ ಮೇಲೆ ಆಡಿದ ಜಗಳವನ್ನೆಲ್ಲ ಜನ ಮೊದಲ ಸಲ ಬಾಯಿಂದ ಆಡಿದರು. ಆಡುತ್ತ ಆಡುತ್ತ ನಗಲಾರಂಭಿಸಿದರು.

ಹೊಸ ಸೊಸೆ ಎಲ್ಲರಿಗಿಂತ ಕೊನೆಗೆ ಎದ್ದಳು. "ಪೆಟ್ಟಿಗೆ, ನಂದೂ ಒಂದು. ಆದ್ರೆ ಮಾಸ್ತರೇ, ನನಗೊಂದು ಸಂಶಯ. ಎಲ್ಲ ಟೈಲರಮ್ಮನ ಕೈ ಅಂದ್ರಲ್ಲ, ಅಲ್ಲೊಂದು ಕೆಂಪು ಶಾಯೀದು ಇದೆಯಲ್ಲ, ಅದು ಯಾರ ಕೈ?"

ಎಲ್ಲರೂ ಬಗ್ಗಿ ನೋಡಿದರು. ನೀಲಿ ಸಾಲಿನ ನಡುವೆ ಒಂದೇ ಒಂದು ಕೆಂಪು ಚೀಟಿ. ಅಕ್ಷರಗಳು ಎದೆ ಮುಂದೆ ಮಾಡಿ, ಹಿಮ್ಮಡಿ ಜೋಡಿಸಿ, ನೆಟ್ಟಗೆ ನಿಂತಿದ್ದವು: "ಹೊಲಿಗೆ ಯಂತ್ರ". ಬೀರುವಿನ ಮೇಲಿನ "ಬಾಗಿಲು ಮುಚ್ಚತಕ್ಕದ್ದು" ಎಂಬ ನೋಟೀಸನ್ನು ಓದಿ ಓದಿ ಹಾದುಹೋದವರಿಗೆ ಆ ಅಕ್ಷರ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಹದಿನಾರು ಗುಪ್ತ ಚೀಟಿಗಳಲ್ಲಿ ಯಾರದೆಂದು ನೋಡಿದ ತಕ್ಷಣ ತಿಳಿಯುತ್ತಿದ್ದದ್ದು ಅದೊಂದೇ.

ಮಾಸ್ತರ ಕೈ ತಾನಾಗಿಯೇ ಸೀಟಿಗೆ ಹೋಯಿತು. ಊದಲು ಉಸಿರು ಸಾಲಲಿಲ್ಲ.

"ದಿನಾ ಬೆಳಗ್ಗೆ ಅವರ ಎದುರಿಗೇ ಕೂತು ಪೇಪರ್ ಓದ್ತೀರಲ್ರೀ," ಎಂದಳು ಮಾಸ್ತರ ಹೆಂಡತಿ, ಎರಡನೇ ತಿರುವಿನಿಂದ. ಆಕೆ ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. "ನಮ್ಮನೆಗೆ ಒಂದೇ ಚೀಟಿ ಅಂತ ನೀವೇ ಬರ್ಕೊಂಡು ಹೋದ್ರಿ. ನನ್ನನ್ನ ಕೇಳಿದ್ರಾ? ಕೇಳಿದ್ರೆ ಪೆಟ್ಟಿಗೆಗೆ ಏಳು ಆಗ್ತಿತ್ತು. ಈ ಮನೆಗೆ ಬಂದಾಗಿಂದ ಅದನ್ನ ಸುತ್ತಿ ಸುತ್ತಿ ಬಾಗಿಲಿಂದ ಹೊರಗೆ ಬರ್ತಿದೀನಿ, ಗಾಣದೆತ್ತಿನ ಹಾಗೆ."

ನಗು ಮೂರನೇ ಮಹಡಿಯ ತನಕ ಹತ್ತಿ ಇಳಿಯಿತು. ಮಾಸ್ತರು ಕುಸಿದು ಬೆಂಚಿನ ಮೇಲೆ ಕೂತರು. ಕೂತು, ಪಕ್ಕಕ್ಕಿಟ್ಟಿದ್ದ ಆ ಅಸಂಬದ್ಧ ಚೀಟಿಯನ್ನು ಎತ್ತಿದರು.

"ಸರಿ. ಹದಿನಾಲ್ಕು ಜನ ಎದ್ದರು. ನನ್ನದು... ಗೊತ್ತಾಯ್ತು. ಇದು ನಿಮ್ಮದೇ ಇರಬೇಕು ಟೈಲರಮ್ಮ. ಬೆಂಚು ಅಂತ ಬರೆದಿದೀರಲ್ಲ, ಯಾವ ಬೆಂಚು?"

"ನೀವು ಕೂತಿದೀರಲ್ಲ, ಅದೇ."

ಹೊಲಿಗೆ ಯಂತ್ರ ಎಂದಾಗ ಸುಮ್ಮನಿದ್ದವರೆಲ್ಲ ಈಗ ಒಟ್ಟಿಗೆ ಕೂಗಿದರು. ಬೆಂಚು ತೆಗೆಯುವುದೇ? ಹಾಲಿನವನಿಗೆ ಕಾಯುವುದೆಲ್ಲಿ? ಮೊಣಕಾಲು ನೋವಿನವರು ಸುಧಾರಿಸಿಕೊಳ್ಳುವುದೆಲ್ಲಿ? ಎಲ್ಲರಿಗಿಂತ ಜೋರಾಗಿ ಕೂಗಿದ್ದು ಮಾಸ್ತರೇ: "ಬೆಂಚು ಏನು ಮಾಡ್ತು ಪಾಪ!"

ಟೈಲರಮ್ಮ ಎದ್ದಳು. ಕೊರಳಿನ ಟೇಪು ತೆಗೆದು ಒಂದು ತುದಿಯನ್ನು ಮಾಸ್ತರ ಕೈಗೇ ಕೊಟ್ಟಳು.

"ಹಿಡೀರಿ ಮಾಸ್ತರೇ. ಮೆಟ್ಟಿಲ ಅಡಿ ಆಳ ನಾಲ್ಕಡಿ. ಮೆಷಿನ್ನು, ನನ್ನ ಸ್ಟೂಲು, ನಾನು, ಎಲ್ಲ ಸೇರಿ ಮೂರೂಮುಕ್ಕಾಲು. ಮೆಟ್ಟಿಲ ನೆರಳು ಬಿಟ್ಟು ಒಂದು ಬೆರಳೂ ಆಚೆ ಇಲ್ಲ. ಈಗ ನಿಮ್ಮ ಕಾಲ ಹತ್ತಿರ ಹಿಡೀರಿ. ಬೆಂಚು ದಾರಿಗೆ ಒಂದೂವರೆ ಅಡಿ. ಬೀರುವಿಗೆ ಅಡ್ಡವಾದದ್ದು ಇದು. ಹೊತ್ಕೊಂಡು ಬಂದವರು ಇದರ ಮೇಲೇ ಕೂತು ಮೆಷಿನ್ನನ್ನ ಬೈದರು."

ಮಾಸ್ತರು ಟೇಪಿನ ಅಂಕಿ ನೋಡಿದರು. ಕನ್ನಡಕ ಏರಿಸಿ ಮತ್ತೆ ನೋಡಿದರು. ದಿನಾ ಬೆಳಗ್ಗೆ ಅಲ್ಲಿ ಕೂತು ಅವರು ಕಟ್ಟಡದ ಅಡ್ಡಗಳನ್ನೆಲ್ಲ ಪಟ್ಟಿ ಮಾಡಿದ್ದರು. ತಾವು ಕೂತಿದ್ದನ್ನು ಅಳೆಯುವುದು ಹೇಗೆ, ಅದರ ಮೇಲೆ ತಾವೇ ಇದ್ದರಲ್ಲ?

"ಮೊದಲೇ ಯಾಕೆ ಹೇಳಲಿಲ್ಲ?" ಎಂದರು, ಧ್ವನಿ ತಗ್ಗಿಸಿ.

"ನೀವು ಕೂತಿರೋವಾಗ ಏಳಿ ಅನ್ನೋದು ಹೇಗೆ? ನನಗೂ ಮುಖ ನೋಡಿ ಹೇಳೋಕೆ ಕಷ್ಟ. ಅದಕ್ಕೇ ಚೀಟೀಲಿ ಬರೆದೆ."

ನಿಯಮ ನಿಯಮವೇ. ಹೆಚ್ಚು ಚೀಟಿ ಬಿದ್ದದ್ದು ಬೂಟಿನ ಪೆಟ್ಟಿಗೆಗೆ, ಅದು ಸಂಜೆಯೊಳಗೆ ಎತ್ತಂಗಡಿಯಾಗಬೇಕು. ಅಡ್ಡವಾಗಿದೆ ಎಂದು ಅಳತೆಯಲ್ಲೇ ಸಾಬೀತಾದ ಮೇಲೆ ಬೆಂಚನ್ನೂ ಬಿಡುವ ಹಾಗಿಲ್ಲ. ಬೆಂಚನ್ನು ಕುಂಡದಜ್ಜ ತಾರಸಿಗೆ ಕೇಳಿದರು, ಕುಂಡಗಳನ್ನು ಅದರ ಮೇಲೆ ಸಾಲಾಗಿ ಇಡುವುದಕ್ಕೆ. ಹೊತ್ತುಕೊಂಡು ಹೋದದ್ದು ನರ್ಸಮ್ಮ ಮತ್ತು ಬೇಕರಿಯವನು. ಪೆಟ್ಟಿಗೆ ಎಲ್ಲಿಗೆ ಎನ್ನುವುದು ತಿಳಿಯದೆ ಮಾಸ್ತರು ತಮ್ಮ ಬಾಗಿಲಲ್ಲಿ ನಿಂತುಬಿಟ್ಟರು. ಮೂವತ್ತು ವರ್ಷದ ಕ್ಯಾನ್ವಾಸು ಬೂಟುಗಳು ಅದರೊಳಗಿದ್ದವು, ಒಂದೊಂದು ವರ್ಷಕ್ಕೆ ಒಂದೊಂದು ಜೊತೆ.

ಟೈಲರಮ್ಮ ಟೇಪು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಪೆಟ್ಟಿಗೆಯ ಮೈ ಅಳೆದಳು, ಕಟುಕನ ಮುಂದೆ ಕುರಿ ನಿಂತ ಹಾಗೆ ಮಾಸ್ತರು ನೋಡುತ್ತ ನಿಂತರು.

"ಆಳೆತ್ತರ, ಮೂರಡಿ ಅಗಲ, ಒಂದೂವರೆ ಅಡಿ ದಪ್ಪ," ಎಂದಳು. "ಬೆನ್ನ ಮೇಲೆ ಮಲಗಿಸಿದ್ರೆ ನನ್ನ ಮೆಷಿನ್ನಿನ ಪಕ್ಕ ಮೆಟ್ಟಿಲ ಅಡಿ ಹೋಗುತ್ತೆ. ಒಂದಡಿ ಮಿಗುತ್ತೆ ಕೂಡ. ಮೇಲೆ ಜನ ಕೂರಬಹುದು. ಬೂಟು ಬೇಕಾದ್ರೆ ಕೂತವರನ್ನ ಎಬ್ಬಿಸಬೇಕು, ಅಷ್ಟೇ."

"ನಿಮ್ಮ ಜಾಗದಲ್ಲಾ?" ಎಂದರು ಮಾಸ್ತರು.

"ಜಾಗ ಮೆಟ್ಟಿಲದ್ದು. ನಾನು ಬೆಳಕಿಗೆ ಮಾತ್ರ ಕೂತಿರೋದು."

ಆರು ಜನ ಸೇರಿ ಪೆಟ್ಟಿಗೆಯನ್ನು ಗೋಡೆಯಿಂದ ಎಳೆದರು. ಎಳೆದ ತಕ್ಷಣ ಅದರ ಹಿಂದಿನಿಂದ ಏನೋ ದಢಾರನೆ ನೆಲಕ್ಕೆ ಬಿತ್ತು. ಹೊಸ ಸೊಸೆ ಚಪ್ಪಾಳೆ ತಟ್ಟಿದಳು.

"ನಮ್ಮ ಬೀರುವಿನ ಬೆನ್ನು!"

ಒಂದು ವಾರದಿಂದ ಆ ಗಂಡ ಹೆಂಡಿರಿಗೆ, "ಸ್ವಂತ ಸಾಮಾನು ನೋಡ್ಕೊಳ್ಳೋ ಶಿಸ್ತಿಲ್ಲ" ಎಂದು ಬುದ್ಧಿ ಹೇಳುತ್ತಿದ್ದವರು ಮಾಸ್ತರೇ. ಪೆಟ್ಟಿಗೆಯನ್ನು ಸ್ವಸ್ಥಾನಕ್ಕೆ ನೂಕುವಾಗ ಗೋಡೆಗೆ ಒರಗಿದ್ದ ಹಲಗೆ ಹಿಂದೆಯೇ ಉಳಿದಿತ್ತು. ಹೊಸ ಸೊಸೆ ಹಲಗೆ ಎತ್ತಿಕೊಂಡು ಮೇಲೆ ಹೋಗುವಾಗ ಒಮ್ಮೆ ತಿರುಗಿ, "ಬಾಗಿಲು ಮುಚ್ಚತಕ್ಕದ್ದು" ಎಂದಳು, ಅಷ್ಟೇ.

ಮರುದಿನ ಬೆಳಗ್ಗೆ ಒಂಬತ್ತು ಹೊಡೆಯಿತು. ಮಾಸ್ತರು ಇಳಿಯಲಿಲ್ಲ. ಒಂಬತ್ತೂವರೆಗೂ ಇಲ್ಲ. "ಕೆಂಪು ಶಾಯಿ ಇನ್ನೂ ಒಣಗಿಲ್ಲ ಅಂತ ಕಾಣುತ್ತೆ," ಎಂದಳು ತಂಗಿ ಗುಂಡಿ ಹಚ್ಚುತ್ತ. ಹತ್ತಕ್ಕೆ ಐದು ನಿಮಿಷ ಇರುವಾಗ ಮೆಟ್ಟಿಲ ಮೇಲೆ ಬೂಟಿನ ಸದ್ದು ಬಂತು. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಪ್ಯಾಂಟು.

"ಅಂಚು ಬಿಟ್ಟಿದೆ," ಎಂದರು ಮಾಸ್ತರು ಗೋಡೆ ನೋಡಿಕೊಂಡು.

ಅಂಚು ಬಿಟ್ಟಿರಲಿಲ್ಲ, ಬಿಡಿಸಲಾಗಿತ್ತು. ಟೈಲರಮ್ಮ ಅದನ್ನು ಕಂಡೂ ಕಾಣದ ಹಾಗೆ ಚೀಟಿ ಬರೆದು, ಎರಡು ಗೆರೆ ಎಳೆದು, ಚುಕ್ಕೆ ಇಟ್ಟು, ಪ್ಯಾಂಟಿಗೆ ಚುಚ್ಚಿದಳು. "ಕೂತ್ಕೊಳ್ಳಿ."

ಮಾಸ್ತರು ತಮ್ಮದೇ ಪೆಟ್ಟಿಗೆಯ ಮೇಲೆ ಕೂತರು. ಮೆಟ್ಟಿಲ ಓರೆ ಅಲ್ಲಿ ತಗ್ಗು; ಮೂವತ್ತು ವರ್ಷ ಮಕ್ಕಳಿಗೆ "ತಲೆ ನೆಟ್ಟಗೆ" ಎಂದು ಕೂಗಿದವರು ತಲೆ ಬಗ್ಗಿಸಿ ಒಳಗೆ ತೂರಬೇಕಾಯಿತು. ಅಭ್ಯಾಸದಂತೆ ಪತ್ರಿಕೆಯನ್ನು ಎರಡು ತೋಳಗಲ ಬಿಡಿಸಿದರು.

ಹತ್ತು ಗಂಟೆ. ಬಿಸಿಲು ಕಿಟಕಿ ದಾಟಿ ಬಂತು, ಪತ್ರಿಕೆಯ ಬೆನ್ನಿಗೆ ಬಡಿದು ಅಲ್ಲೇ ನಿಂತಿತು. ಸೂಜಿಯ ಮೇಲೆ ನೆರಳು. ಟೈಲರಮ್ಮ ದಾರದ ತುದಿ ಒದ್ದೆ ಮಾಡಿ ಒಮ್ಮೆ ಪೋಣಿಸಲು ನೋಡಿದಳು. ತಪ್ಪಿತು. ಇನ್ನೊಮ್ಮೆ ನೋಡಿದಳು, ಮತ್ತೆ ತಪ್ಪಿತು. ಹನ್ನೊಂದು ವರ್ಷದಲ್ಲಿ ಹೇಳದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಪಕ್ಕದಲ್ಲಿ ಚೀಟಿಯ ಕಟ್ಟಿತ್ತು, ನೀಲಿ ಪೆನ್ಸಿಲೂ ಇತ್ತು. ಅವಳು ಎರಡನ್ನೂ ಮುಟ್ಟಲಿಲ್ಲ.

"ಮಾಸ್ತರೇ," ಎಂದಳು, ಮುಖ ನೋಡಿಯೇ. "ಒಂದು ಹೆಜ್ಜೆ ಎಡಕ್ಕೆ."

ಮಾಸ್ತರು ದಿಗ್ಗನೆ ಎದ್ದರು, ತಲೆ ಮೆಟ್ಟಿಲಿಗೆ ಬಡಿಯಿತು, ಆದರೂ ಹಿಮ್ಮಡಿ ಜೋಡಿಸಿ ಒಂದು ಹೆಜ್ಜೆ ಎಡಕ್ಕೆ ಸರಿದೇ ಕೂತರು.

ದಾರ ಒಂದೇ ಸಲಕ್ಕೆ ಸೂಜಿ ಹೊಕ್ಕಿತು.